ಎರಡು ಡಬ್ಬಿ ಹಿಡಿದು ನಂದೂರಿನವರೆಗೆ

ಇನ್ವರ್ಟರ್ ಕೂಡಿಸುವ ಹಿಂದಿನ ದಿನ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ಹಿಂದಿನ ಕೋಣೆಯಲ್ಲಿ ಅವ್ವ ದಿಂಬಿಗೆ ಒರಗಿದ್ದಳು. ಅವಳ ಎದುರಿಗೆ ಸ್ಟೀಲಿನ ಚೊಂಬಿಗೆ ಆನಿಸಿ ನಾನು ಫೋನು ನಿಲ್ಲಿಸಿದ್ದೆ. ಫೋನಿನ ಆ ಕಡೆ ಕಲಬುರಗಿಯಲ್ಲಿ ಅವ್ವನ ತಂಗಿ, ನನ್ನ ಚಿಕ್ಕವ್ವ. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬರದು, ಓದಲೂ ಬಾರದು. ಅಕ್ಕತಂಗಿಯರು ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಕೈಮಾತಿನಲ್ಲೇ ಬದುಕೆಲ್ಲ ಮಾತಾಡಿದವರು. ಅದರಲ್ಲಿ ನನಗೆ ತಿಳಿಯುವುದು ಅರ್ಧ ಮಾತ್ರ.

ಅಂದು ಚಿಕ್ಕವ್ವ ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ಕೇಳಿದಳು. ನಿನಗೆ ಸಕ್ಕರೆ ಕಾಯಿಲೆ, ಬೇಕಾದರೆ ಸಿಪ್ಪೆ ಕಳಿಸುತ್ತೇನೆ ಎಂದು ಅವ್ವ ಕೈಯಲ್ಲಿ ಹೇಳಿದಳು. ಚಿಕ್ಕವ್ವ ಮುಖ ಉಬ್ಬಿಸಿ ಫೋನನ್ನು ಬೋರಲು ಹಾಕಿದಳು. ಅವ್ವ ನಗುತ್ತಾ ನನ್ನ ಕಡೆ ತಿರುಗಿದಳು.

"ನಾಳೆ ಆಕಿಗಿ ಒಂದು ಮಾತು ಹೇಳ್ತೀನಿ ನೋಡು. ನಕ್ಕು ನಕ್ಕು ಮೊಣಕಾಲಿನ ಹೊಲಿಗಿ ಬಿಚ್ಚಬೇಕು."

"ಏನವ್ವಾ ಅದು?"

"ಬಾಯಿಲೆ ಹೇಳಿದ್ರ ಕೆಡ್ತದ. ಅದು ಕೈಲೆ ಹೇಳೋ ಮಾತು. ನಾಳೆ ನೋಡವಂತಿ."

ನಮ್ಮದು ಹಳೆಯ ಕಲ್ಲಿನ ಮನೆ. ಇಂಟರ್ನೆಟ್ಟಿನ ತಂತಿ ಪಡಸಾಲೆಯವರೆಗೆ ಬಂದಿತ್ತು. ದಪ್ಪ ಗೋಡೆ ದಾಟಿ ಹಿಂದಿನ ಕೋಣೆಗೆ ವೈಫೈಯೂ ಬರುತ್ತಿರಲಿಲ್ಲ, ಮೊಬೈಲ್ ಸಿಗ್ನಲ್ಲೂ ಬರುತ್ತಿರಲಿಲ್ಲ. ಸೊಂಟದ ಮೂಳೆ ಮುರಿದಿದ್ದ ಅವ್ವನನ್ನು ಹೊರಗೆ ತರುವಂತಿರಲಿಲ್ಲ. ಚಿಕ್ಕವ್ವ ಮೊಣಕಾಲಿನ ಆಪರೇಷನ್ ಆಗಿ ಸೇಡಂ ರಸ್ತೆಯ ಮಗನ ಮನೆಯಲ್ಲಿ ಮಲಗಿದ್ದಳು. ಆಗ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯೊಂದರಲ್ಲಿ ನನಗೆ ಎರಡು ಬಿಳಿ ಡಬ್ಬಿ ಕೊಟ್ಟರು. ಒಂದನ್ನು ಪಡಸಾಲೆಯ ರೌಟರಿಗೆ ಕೂಡಿಸಿ ಅಲ್ಲಿನ ಪ್ಲಗ್ಗಿಗೆ ಹಾಕಬೇಕು, ಇನ್ನೊಂದನ್ನು ಕೋಣೆಯ ಪ್ಲಗ್ಗಿಗೆ. ಮನೆಯ ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ ಹರಿದು, ಕೋಣೆಯ ಡಬ್ಬಿಯಿಂದ ವೈಫೈಯಾಗಿ ಬರುತ್ತದೆ. ಹಾಗೆಯೇ ಬಂತು. ಅವ್ವ ಮೊದಲ ದಿನ ಆ ಡಬ್ಬಿಗೆ ಕೈ ಮುಗಿದಳು.

ಮುಂದೆ ಕರೆಂಟು ಪದೇ ಪದೇ ಹೋಗತೊಡಗಿತು. ಅವ್ವನ ಗಾಳಿ ಹಾಸಿಗೆ ಇಳಿದುಹೋಗುತ್ತಿದ್ದುದರಿಂದ ಅದೇ ಅಂಗಡಿಯಿಂದ ಇನ್ವರ್ಟರ್ ತರಿಸಿದೆ. ಅವರ ಕಡೆಯವರೇ ಬಂದು ಕೂಡಿಸಿ ಹೋದರು. ಅಂದಿನಿಂದ ಕೋಣೆಯ ಡಬ್ಬಿಯ ದೀಪ ಕೆಂಪಾಯಿತು. ಡಬ್ಬಿಯ ಕಂಪನಿಯ ನಂಬರಿಗೆ ದಿನವೂ ಫೋನು ಮಾಡಿದೆ. "ಆಫ್ ಮಾಡಿ ಆನ್ ಮಾಡ್ರಿ" ಎಂದರು. ಮಾಡಿದೆ. ಅಂಗಳದಲ್ಲಿ ನಿಂತು ನಾನೇ ಚಿಕ್ಕವ್ವನಿಗೆ ಮುಖ ತೋರಿಸಿದೆ. ಅವ್ವನ ವಿಡಿಯೊ ಮಾಡಿ ಕಳಿಸಲು ಹೋದರೆ ಅವ್ವ ಕೈ ಎತ್ತಲಿಲ್ಲ. "ಎದುರಿಗಿ ಆಕಿ ಇಲ್ದ ನಾ ಯಾರ ಜೋಡಿ ಮಾತಾಡ್ಲಿ?" ಎಂದಳು. ಎರಡನೆಯ ವಾರ ಜ್ವರ ಬಂತು, ಉಸಿರು ಕಟ್ಟಿತು. ಅವ್ವ ಹೋದಳು.

ಮಣ್ಣಿಗೆ ಚಿಕ್ಕವ್ವನನ್ನು ಕಾರಿನಲ್ಲಿ ಮಲಗಿಸಿಕೊಂಡು ಬಂದಿದ್ದರು. ಅವ್ವನನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಕೈಗಳನ್ನು ಬಟ್ಟೆಯಿಂದ ಕಟ್ಟಿದ್ದರು. ಚಿಕ್ಕವ್ವ ಆ ಕೈಗಳನ್ನೇ ನೋಡುತ್ತಾ ಇದ್ದಳು. ಯಾರೊಂದಿಗೂ ಕೈಯಾಡಿಸಲಿಲ್ಲ. ಆಮೇಲೆ ಅವಳ ಮಗ ಶರಣು ಫೋನು ಮಾಡಿದ.

"ಅಕ್ಕಾ, ಅವ್ವ ಒಂದೇ ಕೇಳ್ತಾಳ. ನಮ್ಮಕ್ಕ ನನ್ನ ಮ್ಯಾಲ ಸಿಟ್ಟಾಗೇ ಹೋದಳೇನು ಅಂತ. ಮಷೀನ್ ಕೆಟ್ಟಿತ್ತು ಅಂದ್ರ ನಂಬವಲ್ಲಳು. ನೀ ಫೋನಿನ್ಯಾಗ ಕಾಣಸ್ತಿದ್ದಿ, ಆಕಿ ಯಾಕ ಕಾಣಲಿಲ್ಲ ಅಂತಾಳ."

ಹೀಗಾಗಿ, ಡಬ್ಬಿಗೆ ಏನಾಗಿತ್ತೆಂದು ತಿಳಿದು ಚಿಕ್ಕವ್ವನಿಗೆ ತೋರಿಸಲು, ದಿನಕರ್ಮ ಮುಗಿದ ಮೇಲೆ ಒಂದು ಬೆಳಿಗ್ಗೆ ಹೊರಟೆ. ಚೀಲದಲ್ಲಿ ಎರಡು ಡಬ್ಬಿ, ಮೇಲೆ ಒಂದು ಚಿಪ್ಪು ಕೆಂಪು ಬಾಳೆ. ಕಮಲಾಪುರದಿಂದ ಕಲಬುರಗಿಗೆ ನಲವತ್ತು ಕಿಲೋಮೀಟರಿಗೆ ತುಸು ಕಡಿಮೆ. ಬಸ್ಸಿನಲ್ಲಿ ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಪಡೆದೆ. ಒಂಬತ್ತಕ್ಕೇ ಬಿಸಿಲು ಸೀಟಿನ ಕಬ್ಬಿಣ ಕಾಯಿಸಿತ್ತು. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಾಗ ಪಕ್ಕದ ಮುದುಕಿ ನನ್ನ ಚೀಲ ಇಣುಕಿ, "ಯಾರಿಗಿ ಒಯ್ಯಾಕತ್ತೀ ತಂಗಿ, ಇಷ್ಟ್ ಚಂದ ಹಣ್ಣು?" ಎಂದಳು. ಚಿಕ್ಕವ್ವನಿಗೆ ಎಂದೆ. "ಪುಣ್ಯವಂತಿ" ಎಂದಳು.

ಡಬ್ಬಿ ಕೊಟ್ಟ ಅಂಗಡಿಯ ಬೋರ್ಡು ಹಾಗೆಯೇ ಇತ್ತು: ಯಾವ ಪ್ಲಗ್ಗಿಗೆ ಹಾಕಿದರೂ ಇಂಟರ್ನೆಟ್. ಮಾಲೀಕರು ಡಬ್ಬಿಗಳನ್ನು ತಿರುಗಿಸಿ ನೋಡಿ, "ಇದಕ್ಕ ನಾವೇನೂ ಮಾಡಾಕ ಬರಲ್ಲಮ್ಮ. ಊರ ಹೊರಗ ನಂದೂರಿಗಿ ಹೋಗ್ರಿ, ಅಲ್ಲಿ ಸರ್ವಿಸ್ ಸೆಂಟರ್ ಅದ" ಎಂದರು. ಕುಳಿತುಕೊಳ್ಳಿ ಎಂದೂ ಅನ್ನಲಿಲ್ಲ.

ನಂದೂರಿಗೆ ಆಟೊದವನು ಇನ್ನೂರು ಕೇಳಿ ನೂರೈವತ್ತಕ್ಕೆ ಒಪ್ಪಿದ. ಕಲಬುರಗಿಯ ಮೋಮಿನಪುರದವನು, ಮಾತಿನಲ್ಲಿ ಅರ್ಧ ಉರ್ದು. ದಾಲ್ ಮಿಲ್ಲುಗಳ ನಡುವೆ ತೊಗರಿಯ ಹೊಟ್ಟಿನ ದೂಳು ಹಾರಿ ಕಣ್ಣಿಗೆ ಬರುತ್ತಿತ್ತು. ಒಂದು ಗೋದಾಮಿನ ಮೇಲಿನ ಮಹಡಿಯಲ್ಲಿ ಸರ್ವಿಸ್ ಸೆಂಟರ್. ಅಲ್ಲಿ ಒಬ್ಬರು ಊಟದ ಡಬ್ಬಿ ಬಿಚ್ಚಿ ಕುಳಿತಿದ್ದರು. "ಬರ್ರಿ, ಏನಾಗ್ಯದ್ರೀ?" ಎಂದ ಕೂಡಲೇ ಗುರುತಾಯಿತು. ದಿನವೂ ಆಫ್ ಮಾಡಿ ಆನ್ ಮಾಡಿ ಎನ್ನುತ್ತಿದ್ದುದು ಇದೇ ದನಿ.

ಅವರು ಕೈ ತೊಳೆದು ಬಂದು ಒಂದು ಡಬ್ಬಿಯನ್ನು ಈ ಗೋಡೆಗೆ, ಇನ್ನೊಂದನ್ನು ಆ ಗೋಡೆಗೆ ಹಾಕಿದರು. ಎರಡರಲ್ಲೂ ಹಸಿರು ದೀಪ ಬಂತು.

"ಮಾಲು ಛಲೋನೇ ಅದಲ್ರೀ. ಮನ್ಯಾಗ ಇನ್ವರ್ಟರ್ ಏನರ ಹಾಕ್ಸೀರೇನು?"

ಹೌದು ಎಂದೆ.

"ಹಂಗಂದ್ರ ಮುಗೀತು. ಒಂದು ಡಬ್ಬಿ ಇನ್ವರ್ಟರ್ ಲೈನಿನ್ಯಾಗ, ಒಂದು ನೇರ ಲೈನಿನ್ಯಾಗ ಇದ್ರ ಬಹಳ ಕಡೆ ಹಿಂಗೇ ಆಗ್ತದ. ನಡುವ ಇನ್ವರ್ಟರ್ ಅಡ್ಡ ಕುಂದರ್ತದಲ್ಲ. ಇನ್ವರ್ಟರಿಗಿ ಕೂಡಿಸದ ಪ್ಲಗ್ ನೋಡಿ ಹಾಕ್ರಿ. ಇಸ್ತ್ರಿ ಪೆಟ್ಟಿಗಿಗಿ ಇರ್ತದ ನೋಡ್ರಿ, ಅಂಥಾದ್ದು."

ಇಸ್ತ್ರಿಯ ಪ್ಲಗ್ಗು ಅವ್ವನ ಕೋಣೆಯ ಬಾಗಿಲ ಪಕ್ಕದಲ್ಲೇ ಇತ್ತು. ಮಂಚದಿಂದ ಎರಡು ಮಾರು ದೂರ.

"ಇದನ್ನ ಫೋನಿನ್ಯಾಗ ಯಾಕ ಕೇಳಲಿಲ್ರೀ?"

"ನಮಗ ಕೊಟ್ಟ ಪ್ರಶ್ನೆ ಪಟ್ಟಿದಾಗ ಇನ್ವರ್ಟರ್ ಇಲ್ಲಮ್ಮ. ಆಫ್ ಆನ್ ಮಾಡಸ್ಬೇಕು, ಕಂಪ್ಲೇಂಟ್ ಬರಕೋಬೇಕು. ಅಷ್ಟೇ."

"ನಿಮ್ಮ ಮನ್ಯಾಗ ಹಿಂಗಾಗಿದ್ರ ಆಫ್ ಆನ್ ಮಾಡ್ಕೋತ ಕುಂದರ್ತಿದ್ರೇನು?"

ಅವರು ಡಬ್ಬಿಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಟ್ಟರು. ನನಗೆ ಒರೆಸಿದ ಡಬ್ಬಿ ಬೇಕಿರಲಿಲ್ಲ.

ಕೆಳಗೆ ಆಟೊದವನು ಕಾದಿದ್ದ. "ಕ್ಯಾ ಹುವಾ ಅಕ್ಕಾ, ಸಾಮಾನ್ ಖರಾಬ್?"

"ಇಲ್ಲಪ್ಪ, ಛಲೋ ಅದ ಅಂತ."

"ಛಲೋ ಇದ್ರ ಮಾರಿ ಯಾಕ ಹಂಗ ಮಾಡ್ಕೊಂಡೀರಿ?"

ದಾರಿಯಲ್ಲಿ ಅವನಿಗೆ ಹೇಳಿದೆ. ಅವನು ಕೇಳಿ, ನಾನು ಹೋಗೋಣ ಎನ್ನುವ ಮೊದಲೇ ಗಾಡಿಯನ್ನು ಸೂಪರ್ ಮಾರ್ಕೆಟ್ಟಿನ ಕಡೆ ತಿರುಗಿಸಿದ. "ಉಸ್ಕೋ ಪೂಛೋ ಪೈಲೆ, ಮದಲ ಅವ್ರನ್ನ ಕೇಳ್ರಿ. ನಾ ನಿಂದರ್ತೀನಿ" ಎಂದ.

ಈ ಸಲ ಅಂಗಡಿಯಲ್ಲಿ ನಾನೇ ಕುರ್ಚಿ ಎಳೆದುಕೊಂಡು ಕುಳಿತೆ. ಡಬ್ಬಿ ಕೊಟ್ಟವರು ನೀವು, ಇನ್ವರ್ಟರ್ ಕೊಟ್ಟವರೂ ನೀವು, ಒಂದಕ್ಕೊಂದು ಅಡ್ಡ ಬರುತ್ತದೆಂದು ಹೇಳಲಿಲ್ಲ ಯಾಕೆ ಎಂದು ಕೇಳಿದೆ.

"ನೀವು ಕೇಳಲಿಲ್ಲಲ್ಲಮ್ಮ."

"ಗೊತ್ತಿದ್ದವರು ಹೇಳ್ಬೇಕ್ರೀ. ಗೊತ್ತಿಲ್ದವರು ಏನಂತ ಕೇಳ್ಬೇಕು?"

"ಎಲ್ಲರಿಗೂ ಎಲ್ಲಾ ಹೇಳ್ಕೋತ ಕುಂತ್ರ ಯಾಪಾರ ಆಗ್ತದೇನು? ಈಗೇನು, ವಾಪಸ್ ತಗೋಬೇಕೇನು?"

"ವಾಪಸ್ ಏನು ತಗೋತೀರಿ?" ಎಂದು ಎದ್ದು ಬಂದೆ. ಗಟ್ಟಿಯಾಗಿ ಮಾತಾಡಿದವಳಲ್ಲ ನಾನು. ಮಾರುವಾಗ ಅರ್ಧ ತಾಸು ನಿಂತು ವಿವರಿಸಿದ ಬಾಯಿಗೆ ಆ ಒಂದು ವಾಕ್ಯ ಭಾರವಾಯಿತೇ? ಇಸ್ತ್ರಿಯ ಪ್ಲಗ್ಗಿಗೆ ಹಾಕಿರಿ ಎಂದಿದ್ದರೆ ಸಾಕಿತ್ತು. ಓದಲು ಬರುವ ನನಗೇ ಹೀಗಾದರೆ, ಬೋರ್ಡು ನಂಬಿ ಬರುವ ಉಳಿದವರ ಗತಿ ಏನು?

ಸೇಡಂ ರಸ್ತೆಯ ಮನೆಯಲ್ಲಿ ಚಿಕ್ಕವ್ವ ಕಿಟಕಿಯ ಪಕ್ಕದ ಮಂಚದ ಮೇಲಿದ್ದಳು. ಇಂಟರ್ನೆಟ್ಟಿಗೂ ಇನ್ವರ್ಟರಿಗೂ ಅವರ ಕೈಮಾತಿನಲ್ಲಿ ಹೆಸರಿಲ್ಲ. ನಾನು ಒಂದು ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟು, ಇದು ನೀನು ಎಂದು ತೋರಿಸಿದೆ. ಇನ್ನೊಂದನ್ನು ಮಂಚದ ಕಾಲ್ದೆಸೆಯಲ್ಲಿಟ್ಟು, ಇದು ಅವ್ವ ಎಂದೆ. ನಡುವೆ ಬೆರಳಿನಿಂದ ಗೆರೆ ಎಳೆದೆ. ಆಮೇಲೆ ಆ ಗೆರೆಗೆ ಅಡ್ಡಲಾಗಿ ದಿಂಬು ತಂದಿಟ್ಟೆ. ಶರಣು ಬಾಗಿಲಲ್ಲಿ ನಿಂತು, "ಅಕ್ಕಾ, ದಿಂಬು ಯಾರು ಇಟ್ರು ಅಂತ ಕೇಳ್ತಾಳ ನೋಡೀಗ" ಎಂದ. ಚಿಕ್ಕವ್ವ ಅದನ್ನೇ ಕೇಳಿದಳು. ಅಂಗಡಿಯವರು ಎಂದೆ. ಅವ್ವನಲ್ಲ ಎಂದು ತಲೆಯಾಡಿಸಿ ತಲೆಯಾಡಿಸಿ ಹೇಳಿದೆ.

ಅವ್ವ ತಂಗಿಯ ಹೆಸರು ಹೇಳಲು ಮೂಗುಬೊಟ್ಟು ಮುಟ್ಟಿಕೊಳ್ಳುತ್ತಿದ್ದಳು. ಜ್ವರದಲ್ಲೂ ಮೂಗು ಮುಟ್ಟಿ, ಅಂಗೈ ಬಿಚ್ಚಿ, ಎಲ್ಲಿ ಎಂದು ನನ್ನನ್ನು ಕೇಳುತ್ತಿದ್ದಳು. ಅದನ್ನು ಹಾಗೆಯೇ ಮಾಡಿ ತೋರಿಸಿದೆ. ಚಿಕ್ಕವ್ವ ಬಹಳ ಹೊತ್ತು ನನ್ನ ಕೈ ನೋಡಿದಳು. ಆಮೇಲೆ ದಿಂಬನ್ನು ಎತ್ತಿ ನೆಲಕ್ಕೆ ಒಗೆದು ಅತ್ತಳು. ನಾನು ಹಣ್ಣು ಸುಲಿದು ಕೊಟ್ಟೆ. ಅರ್ಧ ತಿಂದು, ಸಿಪ್ಪೆ ಎತ್ತಿ ಹಿಡಿದು, ಅಂದು ನಾನು ಫೋನು ಬೋರಲು ಹಾಕಿದ ಮೇಲೆ ಅಕ್ಕ ಏನಂದಳು ಎಂದು ಕೇಳಿದಳು. ನಿನಗೆ ಹೇಳುವ ಮಾತೊಂದು ಇಟ್ಟುಕೊಂಡಿದ್ದಳು, ನನಗೂ ಹೇಳಲಿಲ್ಲ ಎಂದೆ.

ಸಂಜೆಯ ಬಸ್ಸಿಗೆ ಕಮಲಾಪುರಕ್ಕೆ ಮರಳಿದೆ. ಕೈಕಾಲು ತೊಳೆದು, ಒಂದು ಡಬ್ಬಿಯನ್ನು ಪಡಸಾಲೆಯಲ್ಲಿ, ಇನ್ನೊಂದನ್ನು ಇಸ್ತ್ರಿಯ ಪ್ಲಗ್ಗಿನಲ್ಲಿ ಹಾಕಿದೆ. ಹಸಿರು ದೀಪ ಬಂತು. ಈಗ ಹಿಂದಿನ ಕೋಣೆಯಲ್ಲಿ ಇಂಟರ್ನೆಟ್ ಇದೆ. ಅವ್ವ ತಂಗಿಗೆ ಹೇಳಬೇಕೆಂದಿದ್ದ ಮಾತು ಏನೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.