ಹಿಡಿಯ ಮೇಲಿನ ಕುಂಕುಮ

ಆಯುಧಪೂಜೆಯ ಬೆಳಿಗ್ಗೆ ನಾನು ಮೊದಲು ಹುಡುಕುತ್ತಿದ್ದದ್ದು ಹೊಲಿಗೆ ಮಿಷನ್ನಿನ ಎಣ್ಣೆ ಬುಡ್ಡಿಯನ್ನು. ಮಿಷನ್ನು ನನ್ನದು, ಎಣ್ಣೆಯೂ ನನ್ನದೇ. ಬುಡ್ಡಿ ಮಾತ್ರ ಸಿಗುತ್ತಿದ್ದದ್ದು ಮಾವನವರ ದಿಂಬಿನ ಪಕ್ಕದಲ್ಲಿ. ಆ ವರ್ಷವೂ ಹಾಲು ಕಾಯಿಸಿ, ರಂಗೋಲಿ ಬಿಟ್ಟು, ಕಡಲೆಪುರಿಗೆ ಬೆಲ್ಲ ಕುಟ್ಟಿಟ್ಟು ಅವರ ಕೋಣೆಗೆ ಹೋದೆ. ಅಂಗಳದಲ್ಲಿ ನಮ್ಮವರು ಸ್ಕೂಟರಿಗೆ ನೀರು ಹುಯ್ಯುತ್ತಿದ್ದರು. ಅರಿಶಿನಕುಂಟೆಯ ನಮ್ಮ ಮನೆಯಿಂದ ದೂರಕ್ಕೆ ಕಾಣುವ ಹೆದ್ದಾರಿಯಲ್ಲಿ ಲಾರಿಗಳು ಬಾಳೆಕಂದು ಕಟ್ಟಿಕೊಂಡು ಹೋಗುತ್ತಿದ್ದವು. ಪಕ್ಕದ ಮನೆಯ ಅಕ್ಕ ಮಾವಿನ ಸೊಪ್ಪಿಗೆಂದು ಗೋಡೆಯಾಚೆಯಿಂದ ಕೈ ಚಾಚಿದವರು, "ಏನ್ ತಾಯಿ, ನಿಮ್ಮ ಮಾವನ ತೋಪುಗಳಿಗೆಲ್ಲ ಎಣ್ಣೆ ನೀರು ಆಯ್ತಾ?" ಎಂದು ನಕ್ಕರು.

ಮಾವನ ತೋಪುಗಳು ಮೂರು. ಹರೆಯದಲ್ಲಿ ಸೈನ್ಯದಲ್ಲಿದ್ದು ಬಂದು, ಆಮೇಲೆ ತ್ಯಾಮಗೊಂಡ್ಲು ಕಡೆಯ ತೆಂಗಿನ ತೋಟ ನೋಡಿಕೊಂಡಿದ್ದವರು ಅವರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಮನೆ ಖಾಲಿ ಮಾಡುತ್ತಿದ್ದ ಮುದಿ ದೊರೆಗಳ ಹತ್ತಿರ, ಲೈಸೆನ್ಸ್ ಮಾಡಿಸಿಕೊಂಡು, ಈ ಕೈಬಂದೂಕುಗಳನ್ನು ಒಂದೊಂದಾಗಿ ಕೊಂಡಿದ್ದರು. ಒಂದು ಅಂಗೈಯಲ್ಲಿ ಮುಚ್ಚಿಹೋಗುವ ಪಿಸ್ತೂಲು. ಇನ್ನೊಂದು ಚಪ್ಪಟೆ, ಕಪ್ಪು. ಮೂರನೆಯದು ಅವರ ಜೀವ: ಇಂಗ್ಲೆಂಡಿನಲ್ಲಿ ಮಾಡಿದ ದಪ್ಪ ರಿವಾಲ್ವರು, ನಡುವಿನಲ್ಲಿ ಬಾಗಿ ತೆರೆದುಕೊಳ್ಳುವಂಥದು. ಅವುಗಳಿಂದ ಅವರು ಒಂದು ಕಾಗೆಯನ್ನೂ ಹೊಡೆದದ್ದಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕರೆದು ಕೂರಿಸಿಕೊಂಡು, ಆ ರಿವಾಲ್ವರನ್ನು ಬಾಗಿಸಿ ಮುಚ್ಚಿ, "ಈ ಸದ್ದು ಕೇಳಮ್ಮ. ಈಗಿನವ್ರಿಗೆ ಇಂಥ ಕೆಲ್ಸ ಬರಲ್ಲ" ಎಂದಿದ್ದರು. ಬೆಳ್ಳಿಯ ಅಡಿಕೆ ಡಬ್ಬಿ ಮುಚ್ಚಿದ ಹಾಗಿತ್ತು. ಅಂದಿನಿಂದ ನನಗೂ ಅದರ ಮೇಲೆ ಒಂದು ಅಕ್ಕರೆ. ಕಣ್ಣಿಗೆ ಪೊರೆ ಬಂದ ಮೇಲೆ ಅವರು ಅವನ್ನೆಲ್ಲ ಬೆರಳಿನಲ್ಲೇ ನೋಡುತ್ತಿದ್ದರು.

ಪೂಜೆಗೆ ಅವನ್ನು ಅಣಿಮಾಡುವುದು ನನ್ನ ಪಾಲಿನ ಕೆಲಸ. ಕಬ್ಬಿಣಕ್ಕೆ ಕುಂಕುಮ ತಾಗಿದರೆ ತುಕ್ಕು ಹಿಡಿಯುತ್ತದೆಂದು ಮರದ ಹಿಡಿಗೆ ಮಾತ್ರ ಇಡಬೇಕು. ಆಗಲೂ ಮಾವ, "ಸ್ವಲ್ಪ ಕಣಮ್ಮ, ಸ್ವಲ್ಪ" ಎನ್ನುತ್ತಲೇ ಇರುವರು. ಮಾರನೆಯ ದಿನ ನಾನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಆದರೂ ರಿವಾಲ್ವರಿನ ಹಿಡಿಯ ಮೇಲೆ ಕೊರೆದ ಸಣ್ಣ ಸಣ್ಣ ಚೌಕಗಳ ಸಂದಿನಲ್ಲಿ ಕೆಂಪು ಉಳಿದುಬಿಡುತ್ತಿತ್ತು. ವರ್ಷ ವರ್ಷವೂ ಸೇರಿ ಎಡಗಡೆಯ ಮರ ದಾಸವಾಳದ ಬಣ್ಣಕ್ಕೆ ತಿರುಗಿತ್ತು.

ಆ ಬೆಳಿಗ್ಗೆ ನಮ್ಮವರಿಂದ ಕೀಲಿಕೈ ಇಸಿದುಕೊಂಡು ಆಯುಧಗಳ ಪೆಟ್ಟಿಗೆ ತೆರೆದಾಗ ರಿವಾಲ್ವರಿನ ಹಿಡಿಯಲ್ಲಿ ಕೆಂಪಿನ ಸುಳಿವೇ ಇರಲಿಲ್ಲ.

ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ಬಟ್ಟೆಯ ಮುಂಭಾಗ ನೋಡುತ್ತಲೇ ಇರಲಿಲ್ಲ, ತಿರುಗಿಸಿ ಹಿಂಬದಿಯ ಗಂಟು ನೋಡುತ್ತಿದ್ದರು. ಆ ಚಾಳಿ ನನಗೂ ಅಂಟಿತ್ತು. ರಿವಾಲ್ವರನ್ನು ತಿರುಗಿಸಿದೆ. ಬಲಗಡೆಯ ಕೆಳತುದಿಯಲ್ಲಿ ಮೊದಲಿನಿಂದಲೂ ಉಗುರಿನಷ್ಟು ಚೆಕ್ಕೆ ಎದ್ದಿತ್ತಲ್ಲ, ಅದೂ ಇಲ್ಲ. ಚೌಕಗಳು ಬೆರಳಿಗೆ ಚುಚ್ಚುವಷ್ಟು ಚೂಪಾಗಿದ್ದವು. ಮೂಗಿನ ಹತ್ತಿರ ಹಿಡಿದರೆ ಹೊಸ ವಾರ್ನಿಷ್ ವಾಸನೆ.

ಇದು ನಮ್ಮದಲ್ಲ ಎನಿಸಿತು.

ಎನಿಸಿದ್ದೇ ತಡ, ಎಲ್ಲವೂ ಒಂದಕ್ಕೊಂದು ಕೂಡಿಕೊಳ್ಳತೊಡಗಿತು. ಬೇಸಿಗೆಯಲ್ಲಿ ಚುನಾವಣೆ ಬಂದಾಗ ಲೈಸೆನ್ಸ್ ಇದ್ದವರೆಲ್ಲ ಠಾಣೆಗೆ ಆಯುಧ ಒಪ್ಪಿಸಬೇಕಾಗಿತ್ತು. ಮಾವನಿಗೆ ಓಡಾಟ ಕಷ್ಟವೆಂದು ಅವರನ್ನು ಹೋಗುವಾಗ ಬರುವಾಗ ಬಾಡಿಗೆ ಕಾರಿನಲ್ಲಿ ಕರೆದೊಯ್ದು, ಅಲ್ಲಿನ ಕೆಲಸವನ್ನೆಲ್ಲ ಮುಗಿಸಿದ್ದು ನಮ್ಮವರು. ಪೆಟ್ಟಿಗೆಯ ಕೀಲಿಕೈ ಆಗಿನಿಂದಲೂ ನಮ್ಮವರ ಜೇಬಿನಲ್ಲೇ. ಅದಾದ ಮೇಲೆ ಬೆಂಗಳೂರಿನಿಂದ ಒಬ್ಬರು ಕಾರಿನಲ್ಲಿ ಬಂದಿದ್ದರು. ಹಳೆಯ ಆಯುಧಗಳ ಹುಚ್ಚಿನವರು, ನರೆತ ಮೀಸೆ, ಇಸ್ತ್ರಿ ಮುರಿಯದ ಅಂಗಿ. "ಇಂಥದ್ದೇ ಒಂದು ನನ್ನ ಹತ್ರಾನೂ ಇದೆ" ಎಂದು ರಿವಾಲ್ವರಿನ ಹಿಡಿಗೆ ಮುಖ ತಾಗಿಸುವಷ್ಟು ಬಗ್ಗಿ ನೋಡಿದ್ದರು. ಕೆಂಪಿನ ಮೇಲೆ ಹೆಬ್ಬೆರಳಿನಿಂದ ಉಜ್ಜಿ, ನನ್ನನ್ನೊಮ್ಮೆ ನೋಡಿ, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡಿದ್ದರು. ಮಾರುತ್ತೀರಾ ಎಂದು ಕೇಳಿದ್ದಕ್ಕೆ ಮಾವ ಇಲ್ಲವೆಂದು ತಲೆಯಾಡಿಸಿಬಿಟ್ಟಿದ್ದರು. ಅವರನ್ನು ಹೆದ್ದಾರಿಗೆ ಹತ್ತಿಸಿ ಬರುತ್ತೇನೆಂದು ಹೋದ ನಮ್ಮವರು ತಿರುಗಿ ಬಂದದ್ದು ಊಟದ ಹೊತ್ತು ಮೀರಿದ ಮೇಲೆ.

ಕಣ್ಣು ಕಾಣದ ಅಪ್ಪನ ವಸ್ತುವನ್ನು ಬದಲಾಯಿಸುವುದು ಎಷ್ಟು ಹೊತ್ತಿನ ಕೆಲಸ? ಲೈಸೆನ್ಸ್ ಇರುವುದು ಮಾವನ ಹೆಸರಿನಲ್ಲಿ. ಅದರಲ್ಲಿರುವುದು ಒಂದು, ಪೆಟ್ಟಿಗೆಯಲ್ಲಿರುವುದು ಇನ್ನೊಂದು ಎಂದಾದರೆ ಪೊಲೀಸರು ಬಂದು ನಿಲ್ಲುವುದು ಆ ಮುದುಕರ ಮಂಚದ ಮುಂದೆ. ಕುಂಕುಮದ ಬಟ್ಟಲನ್ನು ಕೆಳಗಿಟ್ಟೆ.

ಮಾವ ಸ್ನಾನ ಮಾಡಿ ಬಂದು ಕುಳಿತರು. ಎಂದಿನಂತೆ ರಿವಾಲ್ವರನ್ನು ಬಾಗಿಸಿ, ಗುಂಡಿನ ಮನೆಗಳೆಲ್ಲ ಖಾಲಿಯೆಂದು ಬೆರಳಿಟ್ಟು ನೋಡಿ ಮುಚ್ಚಿದರು. ಅದೇ ಸದ್ದು ಅನ್ನಿಸಿತು. ಅಲ್ಲವೇನೋ ಎಂದೂ ಅನ್ನಿಸಿತು. ಉಕ್ಕಿನಲ್ಲಿ ಕೊರೆದ ಅಂಕಿಗಳ ಮೇಲೆ ಅವರ ಉಗುರು ನಿಧಾನವಾಗಿ ಹರಿಯಿತು.

"ಮಾವ, ಇದು ನಮ್ದೇ ಅಲ್ವಾ?"

"ನಮ್ದಲ್ದೆ ಇನ್ಯಾರ್ದಮ್ಮ?"

ಹೇಳಿದ್ದು ಸ್ವಲ್ಪ ಬೇಗ ಆಯಿತು. ಆಮೇಲೆ ಹಿಡಿಯನ್ನು ನನ್ನ ಕಡೆ ಚಾಚಿ, "ಕುಂಕುಮ ಧಾರಾಳವಾಗಿ ಇಡಮ್ಮ. ಈ ಸಲ ಏನೂ ಯೋಚ್ನೆ ಮಾಡ್ಬೇಡ" ಎಂದರು.

ಇಷ್ಟು ವರ್ಷದಲ್ಲಿ ಅವರ ಬಾಯಿಂದ ಕೇಳದ ಮಾತು. ಹಾಗಾದರೆ ಇವರಿಗೂ ಗೊತ್ತು. ಮಗನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಕುಂಕುಮ ಇಟ್ಟೆ, ಎಷ್ಟಿಟ್ಟೆನೋ ನೆನಪಿಲ್ಲ.

ಮಂಗಳಾರತಿಯಾಗಿ, ಸ್ಕೂಟರಿನ ಮುಂದೆ ಬೂದುಗುಂಬಳಕಾಯಿ ಒಡೆದ ಮೇಲೆ ನಮ್ಮವರನ್ನು ಹಿತ್ತಿಲಿಗೆ ಕರೆದೆ.

"ರೀ, ಆ ರಿವಾಲ್ವರಿನ ಹಿಡಿ ಯಾಕೆ ಹಾಗಿದೆ?"

"ಹೇಗಿದೆ?"

"ಹೊಸದಾಗಿದೆ."

ಅವರು ಮುಖಕ್ಕೆ ನೀರು ಹಾಕಿಕೊಂಡರು. ತೊಳೆದ ಮುಖವನ್ನೇ ಮತ್ತೆ ತೊಳೆದರು. "ಅಪ್ಪ ಉಜ್ಜಿರ್ಬೇಕು. ಹಬ್ಬದ ದಿನ ನಿಂದೊಳ್ಳೆ ಸಿಐಡಿ ಕೆಲ್ಸ ಆಯ್ತಲ್ಲೇ."

"ಉಜ್ಜಿದ್ರೆ ಕಿತ್ತುಹೋದ ಚೆಕ್ಕೆ ಬೆಳೆಯುತ್ತಾ?"

ನಕ್ಕರು. ಆ ನಗು ಕಣ್ಣಿನವರೆಗೆ ಏರಲಿಲ್ಲ. ಟವೆಲನ್ನು ನನ್ನ ಭುಜದ ಮೇಲೆ ಎಸೆದು ಒಳಗೆ ಹೋದರು. ಅಪ್ಪ ಮಗ ಇಬ್ಬರೂ ಕೋಣೆಯಲ್ಲಿ ಪಿಸುಗುಟ್ಟಿದ್ದು ಕೇಳಿಸಿತು. ನಾನು ಒಬ್ಬಟ್ಟು ಬಡಿಸಲು ಹೋದಾಗ ಮಾತು ತುಂಡಾಯಿತು. "ಊಟ ಮಾಡಮ್ಮ ನೀನೂ" ಎಂದು ಮಾವ ಯಾವತ್ತಿಗಿಂತ ಮೆತ್ತಗೆ ಹೇಳಿದರು. ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಹೊರಗಿನವಳೇ, ಈ ಕಳ್ಳತನದಲ್ಲಿ ಕೂಡ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಅಕ್ಕ ಅರಿಶಿನ ಕುಂಕುಮಕ್ಕೆ ಬಂದರು. ದೇವರ ಮುಂದೆ ಇನ್ನೂ ಇದ್ದ ರಿವಾಲ್ವರಿನ ಕಡೆ ಅವರು ನೋಡಿದ್ದು ಕಂಡು, ಮನಸ್ಸು ತಡೆಯದೆ, ಬೇಸಿಗೆಯಲ್ಲಿ ಬಂದಿದ್ದ ಆ ಕಾರಿನವರು ಮತ್ತೆ ಈ ಕಡೆ ಕಾಣಿಸಿದರಾ ಎಂದು ಕೇಳಿದೆ. ಅಕ್ಕ ಹಣೆಯ ಕುಂಕುಮ ಸರಿಮಾಡಿಕೊಳ್ಳುತ್ತಾ ಹೇಳಿದರು:

"ಅಯ್ಯೋ, ಗೌರಿ ಹಬ್ಬಕ್ಕೆ ನೀನು ತವರಿಗೆ ಹೋಗಿದ್ಯಲ್ಲ, ಆವಾಗ ಬಂದಿದ್ರು ಕಣೆ. ನಿಮ್ಮೆಜಮಾನ್ರೇ ಬಂದು ನಮ್ಮನೆ ಸ್ಕ್ರೂಡ್ರೈವರ್ ಇಸ್ಕೊಂಡ್ ಹೋದ್ರು. ನೋಡಿದ್ರೆ ನಿಮ್ಮ ಮಾವ ಜಗಲಿ ಮೇಲೆ ಕೂತು ಅದರ ಹಿಡಿ ಮರ ಬಿಚ್ಚಿ ಅವ್ರಿಗೆ ಕೊಡ್ತಾವ್ರೆ, ಅವ್ರು ಹೊಸ ಮರ ತಂದಿದ್ರು, ಅದನ್ನ ಇದಕ್ಕೆ ಹಾಕ್ಕೊಂಡ್ರು ನಿಮ್ಮ ಮಾವ. ಅಂಥ ಹಳೇ ಮರ ಎಲ್ಲೂ ಸಿಗಲ್ವಂತೆ, ನಮ್ಮನೇಲಿದ್ರೆ ಸೊಸೆ ಕುಂಕುಮಕ್ಕೆ ಹಾಳಾಗೋಗುತ್ತೆ, ಅವಳಿಗೆ ಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲ, ಅಂದ್ರು ನಿಮ್ಮ ಮಾವ... ಇನ್ನೊಂಚೂರು ಕಡಲೆಪುರಿ ಹಾಕೇ, ಮನೇಲಿ ಹುಡುಗ್ರು ಕಾಯ್ತಾವೆ."