ಅಂಜಿದ ಜಾಗದ ಮಣ್ಣು

ಈಗಲೂ ಬೆನ್ನ ಹಿಂದೆ ಸೈಕಲ್ ಬ್ರೇಕು ಕಿರುಗುಟ್ಟಿದರೆ ನನ್ನ ಕೈ ತಾನಾಗಿ ಕೊರಳಿಗೆ ಹೋಗುತ್ತದೆ. ಅಂದು ಕಾಲುವೆ ದಂಡೆಯ ಮೇಲೆ ಸರ ಕಳೆದುಕೊಂಡದ್ದು ನಾನಲ್ಲ, ನರ್ಸಮ್ಮ. ಆದರೂ ಕೈಗೆ ಅದು ತಿಳಿಯುವುದಿಲ್ಲ.

ಎಪ್ಪತ್ತರ ದಶಕದ ಮಾತು. ಬಳ್ಳಾರಿಯಲ್ಲಿ ಬಿ.ಎ. ಮುಗಿಸಿ, ಸಿರುಗುಪ್ಪದ ನಮ್ಮ ಮನೆಯಿಂದ ಪಕ್ಕದ ಹಳ್ಳಿಯ ಶಾಲೆಗೆ ಪಾಠ ಹೇಳಲು ನಡೆದು ಹೋಗುತ್ತಿದ್ದೆ. ಆ ಹಳ್ಳಿಯ ಹೆರಿಗೆಗಳನ್ನು ನೋಡಿಕೊಳ್ಳುತ್ತಿದ್ದ ನರ್ಸಮ್ಮ ನನಗೆ ಜೊತೆ. ಒಂದು ಮುಂಜಾನೆ ಹಿಂದಿನಿಂದ ಬಂದ ಸೈಕಲ್ಲಿನವನೊಬ್ಬ ಬ್ರೇಕ್ ಹಾಕಿ ಇಳಿದು, ಕುಡುಗೋಲು ಎತ್ತಿದ. ನರ್ಸಮ್ಮ ಸರ ಹಿಡಿದು ಜಗ್ಗಾಡಿದರು. ನಾನು ಜಾಲಿ ಗಿಡದ ಹಿಂದಿದ್ದೆ. ಅಲ್ಲಿಗೆ ಹೇಗೆ ಹೋದೆನೆಂಬುದು ನನಗೆ ನೆನಪಿಲ್ಲ, ಮುಳ್ಳುಗಳಿಗೆ ಗೊತ್ತು.

ಠಾಣೆಯಲ್ಲಿ ವಯಸ್ಸಾದ ದಫೇದಾರರು ಹಾಳೆಯನ್ನು ನನ್ನತ್ತ ಸರಿಸಿದರು.

"ನೀವು ಓದಿದಾಕಿ, ನೀವ ಬರೀರಿ."

ಎರಡು ಪುಟ ಬರೆದೆ. ಅವರು ಓದಿ ಮೀಸೆ ಕೆರೆದುಕೊಂಡರು.

"ಎಲ್ಲಾ ಐತ್ರಿ ಟೀಚರಮ್ಮ. ಸೂರ್ಯ ಅದಾನ, ಕಾಲುವಿ ನೀರು ಐತಿ, ಕಳ್ಳನ ಟವಲ್ಲೂ ಐತಿ. ನೀವೆಲ್ಲಿ ಅದೀರಿ?"

ಕೆಳಗೆ ಒಂದು ಸಾಲು ಸೇರಿಸಿದೆ. ಅವರು ನರ್ಸಮ್ಮನಿಗೆ ಚಹಾ ತರಿಸಿ, ಮುಳ್ಳು ತೆಗೆದುಕೊಳ್ಳಲು ನನಗೊಂದು ಪಿನ್ನು ಕೊಟ್ಟರು. "ಸರಕಾರದ ಕಡಿಂದ ಇಷ್ಟ ನೋಡ್ರಿ."

ಅಂದಿನಿಂದ ನರ್ಸಮ್ಮ ಆ ದಾರಿ ತುಳಿಯಲಿಲ್ಲ. ಹಳ್ಳಿಯಲ್ಲಿ ಚೊಚ್ಚಲ ಬಸುರಿಯೊಬ್ಬಳಿಗೆ ದಿನ ತುಂಬಿತ್ತು, ಅವಳ ಅತ್ತೆ ಎರಡು ಸಲ ಹೇಳಿ ಕಳಿಸಿದ್ದಳು. ನರ್ಸಮ್ಮ ಮಾತ್ರ ನಮ್ಮ ಮನೆಗೆ ಬಂದು, "ಬಳ್ಳಾರಿಗೆ ವರ್ಗ ಮಾಡ್ರಿ ಅಂತ ಅರ್ಜಿ ಬರದು ಕೊಡವಾ" ಎಂದರು. ರಜೆ ಹಾಕಿ ಮನೆಯಲ್ಲಿ ಕುಳಿತಿದ್ದ ನಾನು ಬುದ್ಧಿ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಅವ್ವ ನಮ್ಮಿಬ್ಬರಿಗೂ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಬಳ್ಳಾರಿಯ ಕೌಲ್ ಬಜಾರಿನಿಂದ ತಾಯಿತ ತರಿಸಿ ಕಟ್ಟಿದಳು. ಕೊನೆಗೆ ಹೇಳಿದಳು:

"ಅಂಜಿದ ಜಾಗದ ಮಣ್ಣು ತಂದು, ನೀರಾಗ ಕಲಸಿ ಹಣಿಗೆ ಹಚ್ಚಬೇಕು."

"ಯಾರ ಕಡಿಂದಾರ ತರಿಸು."

"ಬ್ಯಾರೆದವರು ತಂದ್ರ ನಡಿಯಂಗಿಲ್ಲ. ಅಂಜಿದವರ ತರಬೇಕು."

"ಅಲ್ಲಿಗೆ ಹೋಗಾಕ ಅಂಜಿಕಿ ಅಂತ ಅಲ್ಲೇನವ್ವಾ ಇಷ್ಟೆಲ್ಲಾ ಮಾಡಾಕತ್ತಿದ್ದು?"

"ನೀ ಬಿ.ಎ. ಮಾಡಿದಾಕಿ. ನನಗೇನು ತಿಳಿತೈತಿ?"

ಮರುದಿನ ಬೆಳಿಗ್ಗೆ ನಾನೂ ನರ್ಸಮ್ಮನೂ ಹೊರಟೆವು. ಅವ್ವ ಕೇಳಿಕೊಂಡಿದ್ದರಿಂದ ದಫೇದಾರರು ಹಿಂದೆ ಸೈಕಲ್ ಏರಿ ಬರುತ್ತಿದ್ದರು. ಒಂದು ಸಲ ಬ್ರೇಕ್ ಹಿಡಿದರು, ನಾವಿಬ್ಬರೂ ಕಿರುಚಿದೆವು. ಆಮೇಲೆ ಪಾಪ, ಇಳಿದು ತಳ್ಳಿಕೊಂಡೇ ಬಂದರು.

ಆ ಜಾಗ ಬಂದಾಗ ನರ್ಸಮ್ಮ ಕುಕ್ಕರಗಾಲಿನಲ್ಲಿ ಕುಳಿತು, ಬಹಳ ಹೊತ್ತು ನೆಲ ನೋಡಿದರು. ಹಿಡಿ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಎದ್ದಾಗ ಹಳ್ಳಿಯ ಮನೆಗಳ ಹೊಗೆ ಕಾಣುತ್ತಿತ್ತು.

"ಇಲ್ಲಿ ತನಕ ಬಂದೀನಿ. ಆ ಹುಡುಗೀನ ನೋಡೇ ಬರ್ತೀನಿ."

"ಮತ್ತ ಮಣ್ಣು?"

ಗಂಟನ್ನು ನನ್ನ ಕೈಗಿಟ್ಟರು. "ಇದು ನಂದು. ನಿಂದು ಆ ಜಾಲಿ ಗಿಡದ ಹಿಂದ ಐತಿ, ಮರೀದ ತಗೋ."

ಅವರು ನಡೆದೇ ಬಿಟ್ಟರು. ದಫೇದಾರರೂ ನಗುತ್ತ ಅವರ ಹಿಂದೆ ಸೈಕಲ್ ತಳ್ಳಿದರು. ನಾನು ಗಿಡದ ಹಿಂದೆ ಬಗ್ಗಿ ಮಣ್ಣು ತೆಗೆದುಕೊಂಡು ಏಳುವಷ್ಟರಲ್ಲಿ ದಂಡೆಯ ಮೇಲೆ ನಾನೊಬ್ಬಳೇ. ಮನೆಯ ಕಡೆ ನೋಡಿದೆ, ದಾರಿ ಉದ್ದವಿತ್ತು. ಎರಡೂ ಹಿಡಿ ಮಣ್ಣು ಹಿಡಿದು ಸೈಕಲ್ಲಿನ ಹಿಂದೆ ಓಡಿದೆ.