ಪಾಸಾದ ಮಗಳ ಅಪ್ಪ

ನಮ್ಮ ಶಾಂತಿಗ್ರಾಮದ ಪುಟ್ಟರಾಜುವಿಗೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. ಡೇರಿ ಚುನಾವಣೆಯಲ್ಲಿ ಸೋತ ದಿನವೂ ಬಸ್ ಸ್ಟ್ಯಾಂಡಿನ ನನ್ನ ಜೆರಾಕ್ಸ್ ಅಂಗಡಿ ಮುಂದೆ ನಿಂತು, ಗೆದ್ದವನಿಗಿಂತ ಜೋರಾಗಿ ನಗುತ್ತಿದ್ದ. ಇಂಥವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಹೆಂಡತಿ ಹೋದ ಮೇಲೆ ಮಗಳು ಭವ್ಯಶ್ರೀಗೆ ಜಡೆ ಹಾಕುವುದನ್ನೂ ಕಲಿತವನು ಅವನೇ. ಬೈಯಲು ಬಾಯಿ ಬರುವುದಿಲ್ಲ.

ಭವ್ಯಳಿಗೆ ದನದ ಡಾಕ್ಟರಾಗುವ ಹುಚ್ಚು. ಹಾಸನದ ಪಶುವೈದ್ಯ ಕಾಲೇಜು ಬಿಟ್ಟು ಬೇರೆ ಮಾತೇ ಇರಲಿಲ್ಲ. ಆದರೆ ಸೆಕೆಂಡ್ ಪಿಯುಸಿ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಟೈಫಾಯ್ಡ್ ಬಂತು. ಬೆಂಚಿನ ಮೇಲೆ ತಲೆಯಿಟ್ಟು ಮಲಗಿ, ಎದ್ದು ಬರೆದಳಂತೆ. ರಿಸಲ್ಟನ್ನು ನನ್ನ ಅಂಗಡಿಯಲ್ಲೇ ನೋಡಿದೆವು. ಪಾಸಾಗಿದ್ದಳು, ಅಂಕ ಮಾತ್ರ ಹೇಳಿಕೊಳ್ಳುವಂತಿರಲಿಲ್ಲ. ಮಗಳು ಅಳುತ್ತಿದ್ದರೆ ಅಪ್ಪ ಮೈಸೂರುಪಾಕು ತರಿಸಿ ಊರಿಗೆಲ್ಲ ಹಂಚಿದ. ಅರಕಲಗೂಡಿನ ನೆಂಟರಿಗೂ ಕಳಿಸಿದ.

ಮರುದಿನ ನಾನೇ ಇಬ್ಬರನ್ನೂ ಕರೆದೆ. "ನೋಡು ಪುಟ್ಟರಾಜು, ಸೀಟು ಕೊಡೋವಾಗ ಸಿಇಟಿ ಅಂಕದ ಜೊತೆಗೆ ಪಿಯುಸಿ ಅಂಕಾನೂ ಸೇರಿಸ್ತಾರೆ. ಪಾಸಾದೋರೂ ಇನ್ನೊಂದ್ಸಲ ಬರೀಬೌದು. ಯಾವುದ್ರಲ್ಲಿ ಜಾಸ್ತಿ ಬತ್ತದೋ ಅದೇ ಲೆಕ್ಕ. ಇವತ್ತೇ ಪರೀಕ್ಷೆ ಕಟ್ಟಿಸು."

ಅವನ ಮುಖ ಬಿಗಿದುಕೊಂಡಿತು. "ಮತ್ತೆ ಬರೆಯೋರು ಫೇಲಾದೋರು ಕಣಕ್ಕ. ಮೈಸೂರುಪಾಕು ತಿಂದ ಜನವೇ ಏನಂದಾರು? ಪುಟ್ಟರಾಜು ಸುಳ್ಳೇಳಿ ಸ್ವೀಟು ಅಂಚ್ದ ಅಂತಾರೆ."

"ಬರೀತೀನಿ ಕಣಪ್ಪ," ಅಂದಳು ಭವ್ಯ.

"ಸಿಇಟೀಲಿ ತೋರ್ಸವ್ವ ನಿನ್ ತಾಕತ್ತ," ಅಂದವನೇ ಅವಳನ್ನು ಕರೆದುಕೊಂಡು ಹೊರಟ. ಊರ ಬಾಯಿಗೆ ಹೆದರಿ ಮಗಳ ಬಾಯಿ ಮುಚ್ಚಿಸಿದ. ನಾನು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಹುಡುಗಿ ಸಿಇಟಿಯಲ್ಲಿ ತೋರಿಸಿಯೇಬಿಟ್ಟಳು. ಅಷ್ಟು ಅಂಕವನ್ನು ನಮ್ಮ ಹೋಬಳಿಯಲ್ಲಿ ನಾನಂತೂ ಕಂಡಿರಲಿಲ್ಲ. ಆದರೆ ಪಿಯುಸಿಯ ಅಂಕ ಅದನ್ನು ಕಾಲು ಹಿಡಿದು ಎಳೆದಿತ್ತು. ರ‍್ಯಾಂಕು ಎಲ್ಲೋ ಪಾತಾಳದಲ್ಲಿತ್ತು. ಸೀಟು ಹಂಚಿಕೆಯ ಒಂದೊಂದು ಸುತ್ತಿಗೂ ಅಪ್ಪ ಮಗಳು ನನ್ನ ಅಂಗಡಿಗೆ ಬಂದು ಕೂತರು. ಕೊನೆಯ ಸುತ್ತಿನಲ್ಲೂ ಹೆಸರು ಬರಲಿಲ್ಲ. ಆ ವರ್ಷ ಮತ್ತೆ ಬರೆಯುವ ಅವಕಾಶವೂ ಅಷ್ಟರಲ್ಲಿ ಮುಗಿದಿತ್ತು. ಅವಳು ಅಳಲಿಲ್ಲ. "ಓಗೋಣ ಬಾಪ್ಪ" ಅಂದಳು ಅಷ್ಟೇ. ನನಗೇ ಕಣ್ಣೀರು ತಡೆಯಲಾಗಲಿಲ್ಲ.

ಈಗ ಹಾಸನದಲ್ಲಿ ಯಾವುದೋ ಡಿಗ್ರಿ ಓದುತ್ತಿದ್ದಾಳೆ. ಏನು ಓದುತ್ತಿದ್ದೀಯಮ್ಮ ಅಂದರೆ ನಕ್ಕು ಬಸ್ಸು ಹತ್ತುತ್ತಾಳೆ.

ಹೋದ ವಾರ ಪುಟ್ಟರಾಜು ಬಂದ. ಅಂಗಡಿ ತುಂಬ ಜನ. ಎಲ್ಲರ ಎದುರೇ ಕೇಳಿದ: "ನನ್ ಮಗಳು ಇನ್ನೊಂದ್ಸಲ ಬರಿಯಾಕೆ ಏನಾರ ದಾರಿ ಐತಾ ನೀಲಕ್ಕ?"

"ವಿಚಾರಿಸೋಣ. ಅವಳನ್ನ ಕರ್ಕಂಬಾ."

ಅವನು ಅಲ್ಲಾಡಲಿಲ್ಲ. "ಕರದ್ರೆ ಬರಾಕಿಲ್ಲ ಕಣಕ್ಕ. ರಾತ್ರಿ ಕೇಳ್ದೆ. ಬ್ಯಾಡ ಕಣಪ್ಪ, ನಂಗೆ ಆಸೆನೇ ಓಗ್ಬುಡ್ತು ಅಂದ್ಲು. ಬೈದಿದ್ರೆ ತಡ್ಕತಿದ್ದೆ. ನನ್ ತಟ್ಟೆಗೆ ಮುದ್ದೆ ಇಕ್ತಾ ಅಂದ್ಲು, ಇನ್ನೊಸಿ ಸಾರು ಬಿಡ್ಲಾ ಅಂತಲೂ ಕೇಳುದ್ಲು."